ಜಾಹೀರಾತಿನ ಹಾಳೆಗಳನ್ನು ಕಿತ್ತೆಸೆಯಬೇಡಿ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳನ್ನು ವರ್ಷದ ಸಂಪುಟವಾಗಿ ಬೈಂಡ್ ಮಾಡಿಸುವಾಗ ಹೊದಿಕೆಯನ್ನೂ ಜಾಹೀರಾತಿನ ಹಾಳೆಗಳನ್ನೂ ತೆಗೆದುಹಾಕುವ ರೂಢಿ ಅನೇಕ ಗ್ರಂಥಾಲಯಗಳಲ್ಲಿದೆ. ಆ ಹಾಳೆಗಳಿಗೆ ಎಷ್ಟೋ ಸಲ ಪುಟಸಂಖ್ಯೆಯೇ ಇರುವುದಿಲ್ಲ. ತೆಗೆದರೆ ಸಂಪುಟ ತೆಳುವಾಗಿ ಹೊಲಿಗೆಯೂ ಸುಲಭವಾಗುತ್ತದೆ. ಆದರೆ ಒಳ್ಳೆಯ ಕಥೆ, ಲೇಖನಗಳು ಮುಂದೆ ಪುಸ್ತಕವಾಗಿಯಾದರೂ ಸಿಕ್ಕಾವು. ಹಲ್ಲುಪುಡಿ, ಕೂದಲೆಣ್ಣೆ, ಹೊಲಿಗೆ ಯಂತ್ರಗಳ ಜಾಹೀರಾತು ಒಮ್ಮೆ ರದ್ದಿಗೆ ಹೋದರೆ ಮತ್ತೆಲ್ಲೂ ಸಿಗದು.

ಈ ಜಾಹೀರಾತುಗಳ ಸೊಗಸು ಹುಟ್ಟಿದ್ದು ಮುದ್ರಣದ ಇಕ್ಕಟ್ಟಿನಿಂದ. ಕನ್ನಡದ ಒತ್ತಕ್ಷರ ಸಾಲಿನ ಕೆಳಗಿಳಿದು ಜಾಗ ಕೇಳುತ್ತದೆ. ದೊಡ್ಡ ಅಳತೆಯ ಅಚ್ಚುಮೊಳೆಗಳಲ್ಲಿ ಬಗೆಬಗೆಯ ವಿನ್ಯಾಸ ಇರಲಿಲ್ಲ. ಹಾಗಾಗಿ ತಲೆಬರಹವನ್ನು ಕಲಾವಿದರೇ ಕುಂಚದಲ್ಲಿ ಬರೆಯುತ್ತಿದ್ದರು. ಅದನ್ನು ಸತುವಿನ ತಗಡಿಗೆ ಇಳಿಸಿ, ಆಮ್ಲದಲ್ಲಿ ಕೊರೆದು, ಮರದ ದಿಮ್ಮಿಗೆ ಬಡಿದರೆ ಬ್ಲಾಕ್ ಸಿದ್ಧ. ಮೊಳೆಯ ಎತ್ತರ 0.918 ಅಂಗುಲ, ಬ್ಲಾಕೂ ಅಷ್ಟೇ ನಿಲ್ಲಬೇಕು. ತಗ್ಗಿದರೆ ಚಿತ್ರ ಮಸುಕು, ಎತ್ತರವಾದರೆ ಅಂಚು ಕಾಗದವನ್ನು ಕಚ್ಚುತ್ತದೆ. ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಆ ಕಚ್ಚು ಇವತ್ತಿಗೂ ತಾಗುತ್ತದೆ.

ಫೋಟೊ ಹಾಕಬೇಕಾದರೆ ಚುಕ್ಕಿಗಳಾಗಿ ಒಡೆಯುವ ಹಾಫ್‌ಟೋನ್ ಬ್ಲಾಕ್ ಬೇಕಿತ್ತು. ಒರಟು ಸುದ್ದಿ ಕಾಗದಕ್ಕೆ ಅಂಗುಲಕ್ಕೆ 55ರಿಂದ 65 ಸಾಲು ಚುಕ್ಕಿ ಮೂಡಿಸುವ ಸ್ಕ್ರೀನ್. ಅದಕ್ಕಿಂತ ನಯವಾದದ್ದು ಬಳಸಿದರೆ ಚುಕ್ಕಿಗಳ ನಡುವೆ ಶಾಯಿ ತುಂಬಿ ಮುಖ ಕರಿಕಲೆಯಾಗುತ್ತದೆ. ಮಲ್ಲಿಗೆ ಮುಡಿದ ಹೆಂಗಸು, ನಗುವ ಮಗು ಬರಿಯ ಗೆರೆಗಳಲ್ಲಿ ಮೂಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಆ ಗೆರೆಗಳಲ್ಲಿರುವ ಜೀವ ಇಂದಿನ ಬಣ್ಣದ ಫೋಟೊಗಳಲ್ಲಿ ನಮಗೆ ಕಾಣುವುದಿಲ್ಲ.

ದಿನಾಂಕವಿಲ್ಲದ ಬಿಡಿ ತುಣುಕು ಕೈಗೆ ಬಂದರೆ ಮೊದಲು ಬೆಲೆ ನೋಡಿ. ಆಣೆ ಇದ್ದರೆ ಬಹುಮಟ್ಟಿಗೆ 1957ಕ್ಕಿಂತ ಹಿಂದಿನದು. ಆ ವರ್ಷದ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂತು. ‘ನ.ಪೈ.’ (ನಯಾ ಪೈಸೆ) ಎಂದಿದ್ದರೆ 1957ರಿಂದ 1964ರ ನಡುವಿನದು, ಏಕೆಂದರೆ 1964ರ ಜೂನ್‌ನಲ್ಲಿ ‘ನಯಾ’ ಕೈಬಿಟ್ಟರು. ಬೆಲೆ 37 ನ.ಪೈ. ಎಂದಿದ್ದರೆ ಹಳೆಯ ಆರಾಣೆಯನ್ನು ಹೊಸ ಲೆಕ್ಕಕ್ಕೆ ಇಳಿಸಿದ್ದಾರೆ ಅನ್ನಬಹುದು (ಆರಾಣೆಗೆ ಸರಿಯಾಗಿ ಬರುವುದು ಮೂವತ್ತೇಳೂವರೆ). ಆಮೇಲೆ ವಿಳಾಸ ನೋಡಿ. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಬೆಂಗಳೂರು–2’ ಎಂದು ಹಳೆಯ ಅಂಚೆ ವಲಯದ ಸಂಖ್ಯೆಯಷ್ಟೇ ಇದ್ದರೆ ಹಿಂದಿನದಿರಬಹುದು, ಆದರೆ ಆ ರೂಢಿ ಬೇಗ ಹೋಗಲಿಲ್ಲ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್ 1ರ ಮೊದಲಿನದು. ಮೈಸೂರು ಸ್ಯಾಂಡಲ್ ಸೋಪಿನ ಜಾಹೀರಾತಿನಲ್ಲಿ ಶರಭದ (ಆನೆಯ ತಲೆ, ಸಿಂಹದ ಮೈಯ ಪುರಾಣದ ಪ್ರಾಣಿ) ಗುರುತಿನ ಜೊತೆಗೆ ತಯಾರಕರ ಹೆಸರನ್ನೂ ಓದಿ: ‘ಸರ್ಕಾರಿ ಸಾಬೂನು ಕಾರ್ಖಾನೆ’ ಎಂದಿದ್ದರೆ 1980ಕ್ಕೆ ಮುಂಚಿನದು, ಆ ವರ್ಷ ಅದು ಕಂಪನಿಯಾಯಿತು. ಎಚ್‌ಎಂಟಿ ಕೈಗಡಿಯಾರದ ಜಾಹೀರಾತು 1961ಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಔಷಧಿಗಳದ್ದು ನಂಬಲರ್ಹ ಸುಳಿವಲ್ಲ. ಮಧುಮೇಹ ಗುಣವಾಗುತ್ತದೆಂದು ಸಾರುವುದನ್ನು 1954ರ ಕಾಯ್ದೆ ನಿಷೇಧಿಸಿದರೂ ಅಂಥವು ನಿಂತುಹೋಗಲಿಲ್ಲ.

ಇನ್ನು ಕಾಪಾಡುವ ಮಾತು. ಸುದ್ದಿ ಕಾಗದದಲ್ಲಿ ಮರದ ನಾರನ್ನು ಬೆಸೆಯುವ ಲಿಗ್ನಿನ್ ಎಂಬ ವಸ್ತು ಉಳಿದಿರುತ್ತದೆ. ಬೆಳಕು, ಗಾಳಿ ತಗುಲಿ ಅದು ಹಳದಿಯಾಗುತ್ತದೆ, ಒಳಗಿನ ಆಮ್ಲ ನಾರನ್ನು ತಿಂದು ಮಡಿಕೆಯಲ್ಲೇ ಮುರಿಯುವಂತೆ ಮಾಡುತ್ತದೆ. ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಹಾಳೆ ಕೆಡದಂತೆ ಬಿಡಿಸಲಾಗದು. ಸೆಲೋಟೇಪಿನ ಗೋಂದು ಕಂದು ಕಲೆಯಾಗಿ ಇಂಗುತ್ತದೆ, ಪಿನ್ನು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಹರಿದ ಕಡೆ ತೆಳು ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿದರೆ ಮುಂದೆ ನೀರಿನಿಂದ ಬಿಡಿಸಬಹುದು. ಮಡಿಸದೆ, ಆಮ್ಲರಹಿತ ಕಾಗದದ ನಡುವೆ, ಗೋಡೆಯಿಂದ ದೂರವಿರುವ ಕಪಾಟಿನಲ್ಲಿ ಚಪ್ಪಟೆಯಾಗಿ ಇಡಿ.

ಸ್ಕ್ಯಾನ್ ಮಾಡುವಾಗ ಹಾಳೆಯ ಹಿಂದೆ ಕಪ್ಪು ಕಾಗದವಿಟ್ಟರೆ ಹಿಂಬದಿಯ ಅಕ್ಷರ ಇಣುಕುವುದು ಕಡಿಮೆಯಾಗುತ್ತದೆ. ಅಂಗುಲಕ್ಕೆ 600 ಚುಕ್ಕಿ, ಬಣ್ಣದಲ್ಲಿ, ಟಿಫ್ ಕಡತವಾಗಿ ಉಳಿಸಿ. ಕಡತ ಚಿಕ್ಕದಾಗಲೆಂದು ಅಪ್ಪಟ ಕಪ್ಪು–ಬಿಳುಪು ಮಾಡಿದರೆ ಹಾಫ್‌ಟೋನ್ ಚುಕ್ಕಿಗಳು ಒಂದಕ್ಕೊಂದು ಅಂಟಿ ಚಿತ್ರವೇ ಹೋಗುತ್ತದೆ. ಕಡಿಮೆ ಅಳತೆಯಲ್ಲಿ ತೆಗೆದರೆ ಚುಕ್ಕಿಗಳ ಮೇಲೆ ಅಲೆಯಂಥ ಪಟ್ಟೆಗಳು ಏಳುತ್ತವೆ.

ತಮ್ಮಲ್ಲಿ ಒಂದು ಕೋರಿಕೆ. ಹಳೆಯ ಸಂಚಿಕೆಗಳ ಜಾಹೀರಾತುಗಳನ್ನು ವಾರಕ್ಕೊಂದರಂತೆ ಮರುಮುದ್ರಿಸಿ. ಅಂಚು ಕತ್ತರಿಸದೆ, ಸಂಚಿಕೆಯ ದಿನಾಂಕ, ಪುಟ, ಮೂಲದಲ್ಲಿ ಎಷ್ಟು ಕಾಲಂ ಅಗಲವಿತ್ತು ಎಂಬುದನ್ನು ಕೆಳಗೆ ನಮೂದಿಸಿದರೆ, ಓದುಗರು ತಮ್ಮ ಮನೆಯ ತುಣುಕುಗಳನ್ನು ಅದರೊಂದಿಗೆ ಹೋಲಿಸಿ ಕಾಲ ಗುರುತಿಸಬಹುದು.

— ಹಳೆಯ ಮುದ್ರಣ ಸಂಗ್ರಾಹಕರು, ಮೈಸೂರು