ಹಾರ್ನ್ ಕೇಳಿಸಿದರೆ ಸಾಕಾ?

ಮಾನ್ಯರೇ,

ಮಧ್ಯರಾತ್ರಿಯೂ ರೈಲು ಕೂಗುತ್ತೆ, ನಿದ್ದೆ ಹಾಳು ಅನ್ನುವುದು ನಮ್ಮ ಗೇಟಿನ ಬೀದಿಯವರ ದೂರು. ಲೋಕೋ ಪೈಲಟ್ ಸುಮ್ನೆ ಹಾರ್ನ್ ಹಾಕುವುದಿಲ್ಲ. ಗೇಟಿಗೆ ಮೊದಲೇ ಹಳಿ ಪಕ್ಕ 'ಡಬ್ಲ್ಯೂ/ಎಲ್' (ವಿಸಲ್/ಲೆವೆಲ್ ಕ್ರಾಸಿಂಗ್, ಅಂದರೆ ಮುಂದೆ ಗೇಟಿದೆ, ಹಾರ್ನ್ ಹಾಕು) ಎಂದು ಬರೆದ ಹಳದಿ ಬೋರ್ಡ್ ಇರುತ್ತದೆ. ಅದು ಕಂಡರೆ ಹಾರ್ನ್ ಹಾಕಲೇಬೇಕು.

ಹಾರ್ನ್ ಒಂದನ್ನೇ ನಂಬಿಕೊಂಡವರೂ ಜಾಸ್ತಿ. ಮೊನ್ನೆ ಸಂಜೆ ಹುಡುಗನೊಬ್ಬ ಬೈಕ್ ಓರೆ ಮಾಡಿ, ಹಾಕಿದ್ದ ಗೇಟಿನಡಿ ನುಗ್ಗಿಸಿದ. ಬೈದರೆ, 'ಹಾರ್ನೇ ಕೇಳಿಸ್ಲಿಲ್ವಲ್ಲ ಅಂಕಲ್' ಅಂದ. ಕಿವಿಯಲ್ಲಿ ಇಯರ್‌ಫೋನ್! ಬ್ರಾಡ್‌ಗೇಜ್ (ಅಗಲ ಹಳಿಯ) ಮಾರ್ಗಗಳ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿ ಹೊತ್ತಿಗೆ ತೆಗೆದಿದ್ದಾರೆ, ಸರಿ. ಕಾವಲಿದ್ದರೂ ನುಸುಳುವವರಿಗೆ ಏನು ಮಾಡುವುದು? ಶಾಲೆ ಬಿಡುವ ಹೊತ್ತಿಗಾದರೂ ಇಲ್ಲೊಬ್ಬ ರೈಲ್ವೆ ಪೊಲೀಸ್ ನಿಲ್ಲಲಿ.

— ಗೇಟ್ ಪಕ್ಕದ ಮನೆಯವನು, ಹಾಸನ