ರಾತ್ರಿ ಎದ್ದಾಗ ಯಾವ ಊರು ಅಂತ ಹೊಳೆಯದಿದ್ದರೆ

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಿನ್ನ ಪತ್ರ ಬಂತು. ಹೊಸ ಊರುಗಳು, ಹೊಸ ಹೋಟೆಲುಗಳು, ಎಲ್ಲ ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ, ಹೇಳಲೋ ಬೇಡವೋ ಅನ್ನುವ ಹಾಗೆ ನಾಲ್ಕು ಸಾಲು ಸೇರಿಸಿದ್ದೀಯಲ್ಲ, ನನ್ನ ಮನಸ್ಸು ಅಲ್ಲೇ ನಿಂತಿದೆ. ನಡುರಾತ್ರಿ ಎಚ್ಚರವಾದಾಗ ಯಾವ ಊರಿನಲ್ಲಿದ್ದೀಯ ಅಂತ ಸ್ವಲ್ಪ ಹೊತ್ತು ಹೊಳೆಯಲೇ ಇಲ್ಲ ಅಂತ ಬರೆದಿದ್ದೀಯ. ಮನೆಗೆ ಬಂದು ನಿನ್ನ ಮಂಚದಲ್ಲೇ ಮಲಗಿದಾಗಲೂ ಹಾಗೇ ಆಯಿತು, ಸ್ವಿಚ್ಚಿಗೆ ಗೋಡೆ ತಡಕಿದೆ, ಅದು ಅಲ್ಲಿರಲೇ ಇಲ್ಲ ಅಂತಲೂ ಬರೆದಿದ್ದೀಯ. "ಹೀಗೇ ಓಡಾಡುತ್ತಿದ್ದರೆ ನನಗೆ ಮನೆ ಅನ್ನೋದೇ ಮರೆತುಹೋಗುತ್ತಾ?" ಅಂತ ಕೇಳಿದ್ದೀಯ.

ಮರೆತುಹೋಗೋದಿಲ್ಲ ಮಗಳೇ. ಮೊದಲು ಅಷ್ಟು ಹೇಳಿಬಿಡುತ್ತೇನೆ.

ಇದು ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ. 2016ರಲ್ಲಿ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ, ಹೊಸ ಜಾಗದಲ್ಲಿ ಮಲಗಿದವರ ಮಿದುಳು ರಾತ್ರಿಯಿಡೀ ಏನು ಮಾಡುತ್ತೆ ಅಂತ ಯಂತ್ರ ಇಟ್ಟು ನೋಡಿದರು. ಮೊದಲ ರಾತ್ರಿ ಮಿದುಳಿನ ಎರಡೂ ಪಕ್ಕ ಒಂದೇ ಸಮ ನಿದ್ದೆ ಮಾಡಲಿಲ್ಲ. ಎಡಪಕ್ಕದ ನಿದ್ದೆ ತೆಳುವಾಗಿತ್ತು, ಅಪರೂಪದ ಸದ್ದಿಗೆ ಬೇಗ ಎಚ್ಚರಗೊಳ್ಳುತ್ತಿತ್ತು. ಮನೆಯವರೆಲ್ಲ ಮಲಗಿದ ಮೇಲೆ ಒಬ್ಬರು ಬಾಗಿಲ ಹತ್ತಿರ ಕಾವಲು ಕೂತ ಹಾಗೆ. ಅದೇ ಜಾಗದಲ್ಲಿ ಇನ್ನೊಮ್ಮೆ ಮಲಗಿಸಿದಾಗ ಆ ವ್ಯತ್ಯಾಸ ಕಾಣಲಿಲ್ಲ. ನಿನ್ನದು ದಿನಕ್ಕೊಂದು ಊರು, ದಿನಕ್ಕೊಂದು ಹಾಸಿಗೆ. ಅಂದರೆ ನಿನಗೆ ಪ್ರತಿ ರಾತ್ರಿಯೂ ಮೊದಲ ರಾತ್ರಿಯೇ, ಅಲ್ವಾ? ಎಚ್ಚರವಾಗದಿದ್ದರೇ ಆಶ್ಚರ್ಯ.

ಊರು ಹೊಳೆಯದಿರುವುದಕ್ಕೆ ಆ ರೂಮುಗಳೂ ಕಾರಣ. ಅವು ಒಂದೇ ಥರ ಇರಲಿ ಅಂತಲೇ ಕಟ್ಟಿದವು. ಕೆಮನ್ಸ್ ವಿಲ್ಸನ್ ಅನ್ನುವವರು 1951ರಲ್ಲಿ ಹೆಂಡತಿ ಮಕ್ಕಳ ಜೊತೆ ಕಾರಿನಲ್ಲಿ ಪ್ರವಾಸ ಹೋದಾಗ ದಾರಿಯುದ್ದಕ್ಕೂ ಸಿಕ್ಕ ರೂಮುಗಳಿಂದ ಬೇಸತ್ತುಹೋದರಂತೆ. ಮರುವರ್ಷವೇ ಅಮೆರಿಕದ ಮೆಂಫಿಸ್ ಊರಿನಲ್ಲಿ ಮೊದಲ ಹಾಲಿಡೇ ಇನ್ ಹೋಟೆಲು ತೆರೆದರು. ಯಾವ ಊರಿಗೆ ಹೋದರೂ ಅದೇ ಥರದ ರೂಮು ಸಿಗಬೇಕು ಅನ್ನುವುದು ಅವರ ಯೋಚನೆ. ಸುಸ್ತಾಗಿ ಬಂದವನಿಗೆ ಅದರಿಂದ ನೆಮ್ಮದಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಕತ್ತಲಲ್ಲಿ ಕಣ್ಣು ಬಿಟ್ಟಾಗ ಗುರುತಿಗೆ ಒಂದಾದರೂ ಬೇರೆ ವಸ್ತು ಬೇಕಲ್ಲ? ಅದೇ ಬಿಳಿ ಹೊದಿಕೆ, ಅದೇ ಎಸಿ ಸದ್ದು, ಪರದೆಯ ಅಂಚಿನಲ್ಲಿ ಅದೇ ಬೆಳಕಿನ ಗೆರೆ. ಅಂಥಲ್ಲಿ ಊರು ಯಾವುದು ಅಂತ ಯಾರಿಗೆ ತಾನೇ ಗೊತ್ತಾಗುತ್ತೆ!

ನಾನೂ ಇದನ್ನು ಕಂಡವನು. ನನ್ನ ಕೆಲಸ ಎಂಥದ್ದಿತ್ತು ಅಂತ ನಿನಗೆ ಹೇಳಬೇಕಾಗಿಲ್ಲ. ಆಗ ರೂಮಿಗೆ ಕಾರ್ಡು ಇರಲಿಲ್ಲ, ಕೀಲಿಕೈ ಕೊಡುತ್ತಿದ್ದರು. ಯಾರೂ ಜೇಬಿನಲ್ಲಿ ಹಾಕಿಕೊಂಡು ಹೋಗಬಾರದು ಅಂತ ಅದಕ್ಕೆ ಹಿತ್ತಾಳೆಯ ದಪ್ಪ ಬಿಲ್ಲೆ ಕಟ್ಟಿರುತ್ತಿದ್ದರು. ಎಚ್ಚರವಾದಾಗ ಕೈ ಚಾಚಿ ಅದನ್ನೇ ಹುಡುಕುತ್ತಿದ್ದೆ. ಬಿಲ್ಲೆಯ ಮೇಲೆ ಕೊರೆದ ಅಂಕಿಗಳು ಹೆಬ್ಬೆರಳಿಗೆ ಸಿಗುತ್ತಿದ್ದವು. ರೂಮಿನ ನಂಬರು ಗೊತ್ತಾಗುತ್ತಿತ್ತು, ಊರು ಮಾತ್ರ ಗೊತ್ತಾಗುತ್ತಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಾ ಹಾಗೇ ಮಲಗಿರುತ್ತಿದ್ದೆ. ಹಿಂದಿನ ದಿನ ಹತ್ತಿದ ರೈಲು ಯಾವುದು, ಇಳಿದ ಸ್ಟೇಷನ್ ಯಾವುದು ಅಂತ ಒಂದೊಂದಾಗಿ ನೆನಪಿಗೆ ತಂದುಕೊಂಡ ಮೇಲೆ ಉಸಿರು ನೆಟ್ಟಗಾಗುತ್ತಿತ್ತು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ನಿನ್ನ ದೊಡ್ಡಮ್ಮನಿಗೂ ಹೇಳಲಿಲ್ಲ. ತಲೆಯಲ್ಲೇ ಏನೋ ಕೆಟ್ಟಿದೆ ಅಂದುಕೊಂಡಿದ್ದೆ. ನೀನು ಬರೆದುಬಿಟ್ಟೆ ನೋಡು, ಅದಕ್ಕೇ ನಿನ್ನ ಪತ್ರವನ್ನು ಮತ್ತೆ ಮತ್ತೆ ಓದುತ್ತಿದ್ದೇನೆ.

ಅಪ್ಪನಿಗೆ, ಅಂದರೆ ನಿನ್ನ ಅಜ್ಜನಿಗೆ, ಊರುಗಳ ವಿಷಯ ಕೇಳುವುದೆಂದರೆ ಬಹಳ ಆಸೆ. ನಾನು ಬಂದ ಕೂಡಲೇ "ಅಲ್ಲಿ ಹೊಳೆ ಇದೆಯಾ? ಜನ ಹೇಗೆ?" ಅಂತ ಶುರು ಮಾಡುತ್ತಿದ್ದರು. ನನ್ನ ಹತ್ತಿರ ಹೇಳಲು ಏನಿತ್ತು? ರೂಮು ಚೆನ್ನಾಗಿತ್ತು, ಬಿಸಿನೀರು ಬರುತ್ತಿತ್ತು, ಅಷ್ಟೇ. ಹೊಳೆ ಇರುವ ಊರಿನಲ್ಲಿ ಉಳಿದು ಹೊಳೆ ನೋಡದೆ ಬಂದಿದ್ದೇನೆ. ಅವರ ಮುಖ ಸಪ್ಪಗಾಗುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟುತ್ತೆ. ಅವರಿಗೆ ಇನ್ನಷ್ಟು ಹೇಳಬಹುದಿತ್ತು ಅನ್ನಿಸುತ್ತೆ, ಈಗ ಕೇಳುವವರೇ ಇಲ್ಲ.

ಅದಕ್ಕೇ ಒಂದು ಮಾತು, ಬೇಸರ ಮಾಡಿಕೊಳ್ಳಬೇಡ. ಕೆಲಸ ಮುಗಿದು ಎಷ್ಟೇ ಸುಸ್ತಾಗಿದ್ದರೂ ಮಲಗುವ ಮುಂಚೆ, ಹೊರಗೆ ಓಡಾಡಲು ಸುರಕ್ಷಿತ ಅನ್ನಿಸಿದರೆ, ಸ್ವಲ್ಪ ನಡೆದು ಬಾ. ಒಂದು ಮರ, ಒಂದು ತಿರುವು, ಏನೋ ಒಂದು ನೋಡು. ಆಮೇಲೆ ಎಚ್ಚರವಾದರೆ ಹಿಡಿದುಕೊಳ್ಳಲು ಏನಾದರೂ ಇರುತ್ತೆ. ಜಾಗದ ಗುರುತು ಇಟ್ಟುಕೊಳ್ಳಲು ಮಿದುಳಿನಲ್ಲಿ ಬೇರೆಯೇ ಜೀವಕೋಶಗಳಿವೆ. ಜಾನ್ ಓಕೀಫ್ ಅನ್ನುವವರು 1971ರಲ್ಲೇ ಇಲಿಗಳ ಮಿದುಳಿನಲ್ಲಿ ಅವನ್ನು ಕಂಡರು, 2014ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಇಲಿ ಒಂದೊಂದು ಜಾಗಕ್ಕೆ ಬಂದಾಗ ಒಂದೊಂದು ಕೋಶ ಚುರುಕಾಗುತ್ತೆ, ಹೀಗೆ ಆ ಕೋಣೆಯದೇ ಒಂದು ನಕ್ಷೆ ಆಗುತ್ತೆ. ಬೇರೆ ಕೋಣೆಗೆ ಬಿಟ್ಟರೆ ಬೇರೆ ನಕ್ಷೆ. ಅದನ್ನು ಓದಿದ ದಿನ ನನಗೆ ಎಷ್ಟೋ ಹಗುರವಾಯಿತು. ಒಂದು ಊರಿನ ನಕ್ಷೆ ಬಂತು ಅಂತ ಮನೆಯ ನಕ್ಷೆ ಅಳಿಸಿಹೋಗಬೇಕಾಗಿಲ್ಲ. ನಿದ್ದೆಗಣ್ಣಲ್ಲಿ ಯಾವುದನ್ನು ತೆಗೆಯಬೇಕು ಅನ್ನುವಲ್ಲಿ ಸ್ವಲ್ಪ ತಡವಾಗುತ್ತೆ ಅಂತ ನಾನು ಅಂದುಕೊಂಡಿದ್ದೇನೆ.

ಇನ್ನೂ ಸಣ್ಣಪುಟ್ಟದ್ದು ಇದೆ, ನಿನಗೆ ಗೊತ್ತಿರುವುದೇ ಆಗಿರಬಹುದು. ಎಲ್ಲಿ ಹೋದರೂ ಮಂಚದ ಒಂದೇ ಪಕ್ಕದಲ್ಲಿ ಮಲಗು. ಬಚ್ಚಲಿನ ದೀಪ ಹಾಕಿ ಬಾಗಿಲು ಚೂರು ತೆರೆದಿಡು. ಕಾರ್ಡು ತೆಗೆದರೆ ದೀಪ ಹೋಗುವ ರೂಮಾದರೆ ಅದನ್ನು ಅಲ್ಲೇ ಬಿಡು. ರೂಮಿಗೆ ಹೋದ ತಕ್ಷಣ ಬಾಗಿಲ ಹಿಂದೆ ಅಂಟಿಸಿದ ನಕ್ಷೆ ನೋಡಿ, ಹೊರಗಿನ ಮೆಟ್ಟಿಲಿಗೆ ಎಷ್ಟು ಬಾಗಿಲು ಅಂತ ಎಣಿಸಿಕೋ. ಹೊಗೆ ತುಂಬಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಗೋಡೆ ತಡಕಿಕೊಂಡೇ ಹೋಗಬೇಕಾಗುತ್ತೆ. ಲಿಫ್ಟಿನ ಪಕ್ಕದ ರೂಮು ಬೇಡ ಅಂತ ಕೇಳು, ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಆಫೀಸಿನವರಿಗೆ ಹೇಳಿ, ಹತ್ತಿರ ಹತ್ತಿರದ ಊರುಗಳಾದರೆ ಒಂದೇ ಹೋಟೆಲಿನಲ್ಲಿ ಉಳಿದು ಓಡಾಡಲು ಆಗುತ್ತಾ ನೋಡು. ಎರಡನೇ ರಾತ್ರಿಯ ನಿದ್ದೆಯೇ ಬೇರೆ. ದಿಂಬಿನ ಪಕ್ಕ ಒಂದು ಚೀಟಿಯಲ್ಲಿ ಊರಿನ ಹೆಸರು ಬರೆದಿಡು ಅಂತಲೂ ಹೇಳಬೇಕು ಅನ್ನಿಸುತ್ತೆ. ಮಕ್ಕಳಾಟ ಅನ್ನಿಸಿದರೆ ಬಿಡು.

ಒಂದು ವೇಳೆ ಹಗಲಲ್ಲೂ, ಪೂರ್ತಿ ಎಚ್ಚರವಿದ್ದಾಗಲೂ ಎಲ್ಲಿದ್ದೇನೆ ಅಂತ ಗೊತ್ತಾಗದೇ ಹೋದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗು. ನನ್ನ ಹಾಗೆ ಮುಚ್ಚಿಟ್ಟುಕೊಳ್ಳಬೇಡ.

ಮತ್ತೆ ಅದೇ ಸ್ವಿಚ್ಚಿನ ಮಾತಿಗೆ ಬರುತ್ತೇನೆ. ನೀನಿಲ್ಲದಾಗ ಅಮ್ಮ ನಿನ್ನ ಮಂಚವನ್ನು ಬೇರೆ ಗೋಡೆಗೆ ಸರಿಸಿದ್ದಾಳಾ? ಅವಳನ್ನು ಕೇಳಿದೆ. ಹೌದಂತೆ, ಕಿಟಕಿ ಹತ್ತಿರ ಬಿಸಿಲು ಜಾಸ್ತಿ ಅಂತ ಸರಿಸಿದಳಂತೆ. ಹಾಗಾದರೆ ನಿನ್ನ ಕೈ ಸರಿಯಾದ ಜಾಗಕ್ಕೇ ಹೋಗಿತ್ತು ಪುಟ್ಟಿ, ಅದಕ್ಕೆ ಮನೆ ಚೆನ್ನಾಗಿಯೇ ನೆನಪಿತ್ತು. ಮಂಚವನ್ನು ಮೊದಲಿದ್ದಲ್ಲಿಗೇ ಇಡಲು ಹೇಳಿದ್ದೇನೆ.

ಮುಂದಿನ ತಿಂಗಳು ಎಲ್ಲೆಲ್ಲಿಗೆ ಹೋಗುತ್ತೀಯ ಅಂತ ತಾರೀಖಿನ ಸಮೇತ ಬರೆದು ಕಳಿಸು. ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡು, ನನಗೆ ಈ ವಯಸ್ಸಿನಲ್ಲಿ ನಿದ್ದೆ ಅಷ್ಟಕ್ಕಷ್ಟೇ. ಯಾವ ಊರಿನಲ್ಲಿದ್ದೀಯ ಅಂತ ನಾನೇ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ