ನಾಲ್ಕೂವರೆಗೆ ಬೀಗ ಹಾಕಿದ್ರೆ ಪ್ರಿಂಟ್ ಯಾವಾಗ ತೆಗೆಯೋದು?

ಸಂಪಾದಕರಿಗೆ ನಮಸ್ಕಾರ,

ನಾನು ಬಿವಿಎ (ಚಿತ್ರಕಲೆ ಡಿಗ್ರಿ) ಕೊನೇ ವರ್ಷದ ಸ್ಟೂಡೆಂಟು, ತಗೊಂಡಿರೋದು ಗ್ರಾಫಿಕ್ಸ್, ಅಂದ್ರೆ ಪ್ರಿಂಟ್‌ಮೇಕಿಂಗು, ಪ್ಲೇಟಿನ ಮೇಲೆ ಚಿತ್ರ ಮಾಡಿ ಕಾಗದಕ್ಕೆ ಅಚ್ಚು ತೆಗೆಯೋ ಕಲೆ. ಊರಲ್ಲಿ ಗ್ರಾಫಿಕ್ಸ್ ಅಂದ್ರೆ ಕಂಪ್ಯೂಟರ್ ಕೋರ್ಸ್ ಅಂದ್ಕೊಂಡು ನಮ್ಮ ಚಿಕ್ಕಪ್ಪ ಈಗ್ಲೂ ಗಣಪತಿ ಹಬ್ಬಕ್ಕೆ ಫ್ಲೆಕ್ಸ್ ಡಿಸೈನ್ ಮಾಡ್ಕೊಡೋ ಅಂತಾರೆ, ಅದು ಬಿಡಿ.

ನಮ್ಮ ಕಾಲೇಜಲ್ಲಿ ಸಂಜೆ ನಾಲ್ಕೂವರೆಗೆ ಸ್ಟುಡಿಯೋಗೆ ಬೀಗ. ಪೇಂಟಿಂಗ್‌ನವರು ಕ್ಯಾನ್ವಾಸ್ ಎತ್ಕೊಂಡು ರೂಮಿಗೆ ಹೋಗಿ ರಾತ್ರಿಯೆಲ್ಲಾ ಕೆಲಸ ಮಾಡ್ತಾರೆ, ನಾವು ಆ ಕಬ್ಬಿಣದ ಪ್ರೆಸ್ ಎತ್ಕೊಂಡು ಹೋಗಕ್ಕಾಗುತ್ತಾ? ಎಚಿಂಗ್ ಅಂದ್ರೆ ಝಿಂಕ್ ಪ್ಲೇಟಿನ ಅಂಚು ಉಜ್ಜಿ, ಗ್ರೌಂಡ್ (ಆಸಿಡ್ ತಾಗದ ಹಾಗೆ ತಡೆಯೋ ಲೇಪ) ಹಚ್ಚಿ, ಒಣಗಿದ ಮೇಲೆ ಸೂಜಿಯಲ್ಲಿ ಗೀರಿ, ನೀರು ಬೆರೆಸಿದ ನೈಟ್ರಿಕ್ ಆಸಿಡ್‌ಗೆ ಇಳಿಸಬೇಕು, ಗೀರಿದ ಕಡೆ ಗುಳ್ಳೆ ಏಳ್ತಾ ಇರುತ್ತೆ, ಅದನ್ನ ಹಕ್ಕಿ ಪುಕ್ಕದಲ್ಲಿ ಸವರ್ತಾ ಕೂರಬೇಕು, ಇಲ್ಲಾಂದ್ರೆ ಗೆರೆ ಒಂದು ಕಡೆ ಆಳ ಒಂದು ಕಡೆ ತೇಲು. ಸೆಕೆ ಇದ್ರೆ ಆಸಿಡ್ ಬೇಗ ಕೊರೆಯುತ್ತೆ, ಚಳಿಗಾಲದಲ್ಲಿ ನಿಧಾನ. ಟೈಮ್‌ಟೇಬಲ್‌ನಲ್ಲಿ ಅದನ್ನೆಲ್ಲಾ ಬರೆಯಕ್ಕಾಗಲ್ಲ.

ಹೋದ ತಿಂಗಳು ನಂದೊಂದು ಅಕ್ವಾಟಿಂಟ್ ಪ್ಲೇಟು (ಗೆರೆ ಬದಲು ಬೂದಿ-ಕಪ್ಪು ಛಾಯೆ ತರೋ ಎಚಿಂಗು, ಆಸಿಡ್‌ನಲ್ಲಿ ಜಾಸ್ತಿ ಹೊತ್ತು ಇದ್ದಷ್ಟೂ ಕಪ್ಪು) ಆಸಿಡ್‌ನಲ್ಲಿತ್ತು, ಅಟೆಂಡರ್ ಅಣ್ಣ ಬೀಗದ ಗೊಂಚಲು ಅಲ್ಲಾಡಿಸ್ತಾ ಬಾಗಿಲಲ್ಲಿ ನಿಂತ್ರು. ಪಾಪ ಅವರದ್ದೇನೂ ತಪ್ಪಿಲ್ಲ, ಬಸ್ ಹಿಡೀಬೇಕು. ಅರ್ಧಕ್ಕೇ ತೆಗೆದೆ. ಮಾರನೇ ದಿನ ಇಂಕ್ ತುಂಬಿ, ಮಲ್ಮಲ್ ಬಟ್ಟೆಯಲ್ಲಿ ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ ತಿರುಗಿಸಿದ್ರೆ ಕಪ್ಪು ಬರಬೇಕಾದ ರಾತ್ರಿ ಆಕಾಶ ಬೂದಿ ಬಣ್ಣಕ್ಕೆ ಬಂತು.

ಆಸಿಡ್ ಇರೋ ರೂಮಲ್ಲಿ ಮೇಷ್ಟ್ರು ಇಲ್ದೆ ಹುಡುಗರನ್ನ ಬಿಡಬಾರದು, ಅದು ನಾನೂ ಒಪ್ತೀನಿ. ಹಾಗಾದ್ರೆ ವಾರದಲ್ಲಿ ಮೂರು ದಿನ ರಾತ್ರಿ ಎಂಟರ ತನಕ ಒಬ್ಬ ಗೆಸ್ಟ್ ಲೆಕ್ಚರರ್‌ನ ಹಾಕಿ, ಅವರಿಗೆ ಆ ಗಂಟೆಗಳ ದುಡ್ಡು ಕೊಡಿ. ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರನ್ನ ಆ ಕಾಲದಲ್ಲೇ ಮೈಸೂರು ಮಹಾರಾಜರು ಕಲ್ಕತ್ತಾಗೆ ಕಳಿಸಿ ದೊಡ್ಡ ಕಲಾವಿದರಾದ ಅವನೀಂದ್ರನಾಥ ಟಾಗೋರರ ಹತ್ರ ಕಲಿಯೋ ಹಾಗೆ ಮಾಡಿದ್ರಂತೆ, ನಾವು ಕೇಳ್ತಿರೋದು ಬರೀ ಮೂರೂವರೆ ಗಂಟೆ ಲೈಟು.

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆ ಚಿತ್ರಸಂತೆಗೆ ನನ್ನ ಪ್ರಿಂಟ್ ತಗೊಂಡು ಹೋಗಿದ್ದೆ. ಕೆಳಗೆ ಪೆನ್ಸಿಲಲ್ಲಿ 3/10 ಅಂತ ಬರೆದಿರೋದು ನೋಡಿ ಒಬ್ಬ ಆಂಟಿ 'ಇದು ಝೆರಾಕ್ಸಾಪ್ಪಾ?' ಅಂದ್ರು. ಹತ್ತರಲ್ಲಿ ಮೂರನೇದು, ಪ್ರತಿಯೊಂದಕ್ಕೂ ಮತ್ತೆ ಇಂಕ್ ಹಚ್ಚಿ ಒರೆಸಿ ತೆಗೀಬೇಕು ಅಂತ ಹೇಳಿದ್ಮೇಲೆ ಅರ್ಧ ಗಂಟೆ ನಿಂತು ನೋಡಿ ಒಂದು ತಗೊಂಡ್ರು. ಫೈನಲ್ ಡಿಸ್‌ಪ್ಲೇಗೆ ಇನ್ನೂ ಆರು ಪ್ಲೇಟ್ ಬಾಕಿ ಇದೆ ಸರ್.

ಇತಿ,
ಒಬ್ಬ ಗ್ರಾಫಿಕ್ಸ್ ವಿದ್ಯಾರ್ಥಿ